ಜಾಡು ಹಳೆಯದು, ಜೋಡಿ ಹೊಸದು: ಪ್ರೇಮ ಕಾದಂಬರಿ ಬರೆಯಲು ಹೊರಟವರಿಗೆ

ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಜೋಪಾನವಾಗಿ ಬಿಡಿಸಿ, ದಬ್ಬಳದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡುತ್ತಿದ್ದರು. ಅಂಥದ್ದೊಂದು ಹೊಲಿದ ಪುಸ್ತಕದಲ್ಲಿ 14ನೇ ಕಂತು ಇರಲಿಲ್ಲ. ಆ ವಾರದ ಪತ್ರಿಕೆಯನ್ನು ಯಾರೋ ನೆಂಟರು ಓದಲು ಒಯ್ದವರು ವಾಪಸ್ ಕೊಟ್ಟಿರಲಿಲ್ಲ. 13ರ ಕೊನೆಯಲ್ಲಿ ನಾಯಕಿ ಸಿಟ್ಟು ಮಾಡಿಕೊಂಡು ಬಸ್ಸು ಹತ್ತುತ್ತಾಳೆ. 15ರ ಮೊದಲ ಸಾಲಿನಲ್ಲೇ ನಾಯಕನ ಮನೆಯ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ.

ನಾನೂ ಅಕ್ಕನೂ ಆ ಕಾಣೆಯಾದ ಕಂತಿನ ಬಗ್ಗೆ ಎಷ್ಟು ಬೇಸಿಗೆ ರಜೆ ಜಗಳವಾಡಿದ್ದೇವೋ ಲೆಕ್ಕವಿಲ್ಲ. ರಾಜಿಯಾದರು ಅನ್ನೋದು ಗೊತ್ತೇ ಇತ್ತು. ನಮಗೆ ಬೇಕಿದ್ದದ್ದು ಬೇರೆ. ಮೊದಲು ಮಾತಾಡಿದ್ದು ಯಾರು? ಯಾವ ಮಾತಿಗೆ ಅವಳು ಬಸ್ಸಿನಿಂದ ಇಳಿದಳು? ಅವಳ ಅಷ್ಟು ದೊಡ್ಡ ಸಿಟ್ಟು ಎಲ್ಲಿ ಹೋಯಿತು?

ಪ್ರೇಮ ಕಾದಂಬರಿ ಓದುವವರೆಲ್ಲ ಹೀಗೇ. ಕೊನೆಗೆ ಇಬ್ಬರೂ ಒಂದಾಗುತ್ತಾರೆ ಅಂತ ಗೊತ್ತಿದ್ದೇ ಪುಸ್ತಕ ಹಿಡಿಯುತ್ತಾರೆ. ಅವರು ದುಡ್ಡು ಕೊಡುವುದು, ನಿದ್ದೆ ಬಿಡುವುದು 14ನೇ ಕಂತಿಗಾಗಿ. ಆ ಕಂತನ್ನು ನಂಬುವ ಹಾಗೆ ಬರೆಯುವುದು ಹೇಗೆ ಅನ್ನುವುದೇ ಈ ಬರಹ.

ಅದಕ್ಕೂ ಮೊದಲು ಒಂದು ಮಾತು. ಪ್ರೇಮ ಕಥೆ ಬರೆಯುತ್ತೇನೆ ಅಂತ ಹೇಳಿಕೊಳ್ಳಲು ತುಂಬ ಜನ ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ನಮ್ಮ ಭಾಷೆಯಲ್ಲಿ ‘ಕಾದಂಬರಿ’ ಅನ್ನುವ ಪದವೇ ಒಬ್ಬ ಪ್ರೇಮಿಯ ಹೆಸರು. 7ನೇ ಶತಮಾನದಲ್ಲಿ ಬಾಣ ಸಂಸ್ಕೃತದಲ್ಲಿ ಬರೆದ ಗದ್ಯಕಥೆಯ ನಾಯಕಿ ಕಾದಂಬರಿ. ಪ್ರಾಣ ಹೋದ ಪ್ರಿಯನ ದೇಹವನ್ನು ಕಾಯ್ದುಕೊಂಡು, ಅವನು ಮತ್ತೆ ಕಣ್ಣು ಬಿಡುವವರೆಗೆ ಕಾದವಳು. 10ನೇ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಅವಳನ್ನು ಕನ್ನಡಕ್ಕೆ ಕರೆತಂದ. ಮುಂದೆ ನಾವು ಎಲ್ಲ ಉದ್ದದ ಕಥೆಗಳನ್ನೂ ಅವಳ ಹೆಸರಿನಿಂದಲೇ ಕರೆದೆವು. 12ನೇ ಶತಮಾನದ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ದಲ್ಲಿ ರಾಜಕುಮಾರ ಕನಸಿನಲ್ಲಿ ಒಬ್ಬಳನ್ನು ಕಾಣುತ್ತಾನೆ, ಅವಳೂ ಅವನನ್ನು ಕನಸಿನಲ್ಲಿ ಕಾಣುತ್ತಾಳೆ, ಹುಡುಕಾಟ ಶುರುವಾಗುತ್ತದೆ. ಪ್ರೇಮ ಕಥೆ ನಮ್ಮ ಮನೆಯ ಹಳೇ ಆಸ್ತಿ. ಧೈರ್ಯವಾಗಿ ಬರೆಯಿರಿ.

ಮೊದಲ ಹೆಜ್ಜೆ: ಪೆನ್ಸಿಲ್ ಹಿಡಿದು ಓದಿ

ನಿಮಗೆ ತುಂಬ ಇಷ್ಟವಾದ ಮೂರು ಪ್ರೇಮ ಕಾದಂಬರಿಗಳನ್ನು ತೆಗೆದುಕೊಳ್ಳಿ. ಹೊಸದು ಬೇಡ. ಕಥೆ ಬಾಯಿಪಾಠ ಆಗಿರುವುದೇ ಒಳ್ಳೆಯದು. ಆಗ ಮುಂದೇನು ಅನ್ನುವ ಆತುರ ಇರುವುದಿಲ್ಲ, ಹೆಣಿಗೆ ಕಾಣುತ್ತದೆ.

ಏನು ಗುರುತು ಹಾಕಬೇಕು? ಪಮೇಲಾ ರೇಜಿಸ್ ಅನ್ನುವ ಅಮೆರಿಕದ ವಿದ್ವಾಂಸೆ ಇಂಗ್ಲಿಷ್ ಪ್ರೇಮ ಕಾದಂಬರಿಗಳ ಬಗ್ಗೆ 2003ರಲ್ಲಿ ಬಂದ ಪುಸ್ತಕದಲ್ಲಿ ಎಂಟು ಅಂಶಗಳನ್ನು ಹೇಳಿದ್ದಾರೆ. ಅವರಿಬ್ಬರು ಬದುಕುವ ಸಮಾಜ, ಮೊದಲ ಭೇಟಿ, ನಡುವಿನ ಅಡ್ಡಿ, ಆಕರ್ಷಣೆ, ಪ್ರೀತಿ ಹೇಳಿಕೊಳ್ಳುವುದು, ಎಲ್ಲವೂ ಮುಗಿದೇ ಹೋಯಿತು ಅನ್ನಿಸುವ ಘಟ್ಟ, ಅಡ್ಡಿ ದಾಟುವ ದಾರಿ ಹೊಳೆಯುವುದು, ಕೊನೆಗೆ ಕೂಡುವುದು. ಇವು ಇದೇ ಸಾಲಿನಲ್ಲಿ ಬರಬೇಕಾಗಿಲ್ಲ. ನಿಮ್ಮ ಮೂರು ಪುಸ್ತಕಗಳಲ್ಲಿ ಇವು ಯಾವ ಯಾವ ಪುಟದಲ್ಲಿವೆ ಅಂತ ಬರೆದುಕೊಳ್ಳಿ.

ನಾನು ಹೀಗೆ ಮಾಡಿದಾಗ ಕಣ್ಣಿಗೆ ಬಿದ್ದದ್ದು ಒಂದು ವಿಷಯ. ನಮ್ಮ ಎಷ್ಟೋ ಕಥೆಗಳಲ್ಲಿ ಮದುವೆ ಕೊನೆಯ ಪುಟದಲ್ಲಿ ಬರುವುದೇ ಇಲ್ಲ. ಹತ್ತನೇ ಪುಟಕ್ಕೇ ಮದುವೆ ಮುಗಿದಿರುತ್ತದೆ. ಆಮೇಲೆ ಪ್ರೀತಿ ಶುರು. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯನ್ನು ನಮ್ಮವರು ಇಂದಿಗೂ ಎದೆಗೆ ಒತ್ತಿಕೊಂಡಿರುವುದು ಅದರ ದಾಂಪತ್ಯದ ಪ್ರೀತಿಗೆ ಅಲ್ವಾ? ಹಾಗಾಗಿ ಹೊರಗಿನ ಪಟ್ಟಿಯನ್ನು ಗಿಣಿಪಾಠ ಮಾಡಬೇಡಿ. ‘ಕೂಡುವುದು’ ಅನ್ನುವುದು ನಿಮ್ಮ ಕಥೆಯಲ್ಲಿ ತಾಳಿ ಆಗಿರಬಹುದು. ಮದುವೆಯಾಗಿ ಒಂದು ವರ್ಷದ ಮೇಲೆ ಅವಳು ತನ್ನ ಪೆಟ್ಟಿಗೆಯಲ್ಲಿನ ಬಟ್ಟೆಗಳನ್ನು ಮೊದಲ ಸಲ ಅವನ ಬೀರುವಿನಲ್ಲಿ ಜೋಡಿಸುವುದೂ ಆಗಿರಬಹುದು.

ಎರಡನೇ ಹೆಜ್ಜೆ: ಒಂದು ಜಾಡು ಹಿಡಿಯಿರಿ

ಕಥೆಯಿಂದ ಕಥೆಗೆ ಮತ್ತೆ ಮತ್ತೆ ಬರುವ ಹೆಣಿಗೆಗೆ ಈಗಿನ ಓದುಗರು ಟ್ರೋಪ್ ಅನ್ನುತ್ತಾರೆ. ನಾನು ಜಾಡು ಅನ್ನುತ್ತೇನೆ. ತುಂಬ ಜನ ನಡೆದು ನಡೆದು ಹುಲ್ಲು ಸವೆದು ಆದ ದಾರಿ. ಕೆಲವು ಜಾಡುಗಳು ಸಾವಿರ ವರ್ಷಕ್ಕಿಂತ ಹಳೆಯವು. ನೆನಪು ಹೋಗುವ ನಾಯಕನನ್ನು ಟೀವಿಯವರು ಕಂಡುಹಿಡಿದಿಲ್ಲ. ಶಾಪ, ಉಂಗುರ, ಮೀನಿನ ಹೊಟ್ಟೆ ಅಂತ ಕಾಳಿದಾಸನೇ ಬರೆದಿದ್ದಾನೆ.

ಪ್ರತಿ ಜಾಡೂ ಓದುಗರಿಗೆ ಕೊಡುವ ಒಂದು ಮಾತು. ಜಗಳದಿಂದ ಪ್ರೀತಿಗೆ ಹೋಗುವ ಕಥೆ, ‘ನಿನ್ನ ಕೆಟ್ಟ ಮುಖ ಮೊದಲೇ ನೋಡಿದವರು ನಿನ್ನನ್ನು ಪ್ರೀತಿಸಬಲ್ಲರು’ ಅನ್ನುತ್ತದೆ. ಗೆಳೆತನ ಪ್ರೀತಿಯಾಗುವ ಕಥೆ, ‘ನಿನಗೆ ಬೇಕಾದವರು ಮೊದಲಿನಿಂದ ಪಕ್ಕದಲ್ಲೇ ಇದ್ದರು’ ಅನ್ನುತ್ತದೆ. ಬೇರೆಯಾದವರು ಮತ್ತೆ ಸೇರುವ ಕಥೆ, ತಪ್ಪಿಗೆ ತಿದ್ದುಪಡಿ ಇದೆ ಅನ್ನುತ್ತದೆ. ಒಪ್ಪಂದದ ಮದುವೆ, ಸುಳ್ಳು ನಿಶ್ಚಿತಾರ್ಥ, ಸಿಡುಕನ ಮನೆಗೆ ಬರುವ ನಗುಮುಖದವಳು, ಒಂದೇ ಸೂರಿನಡಿ ಸಿಕ್ಕಿಹಾಕಿಕೊಳ್ಳುವ ಇಬ್ಬರು, ಚಿಕ್ಕಂದಿನಲ್ಲಿ ಹಿರಿಯರು ಮಾತು ಕೊಟ್ಟ ಸೋದರತ್ತೆ ಮಗ, ಮಹಡಿ ಮನೆಗೆ ಬಾಡಿಗೆಗೆ ಬಂದ ಮೇಷ್ಟ್ರು. ಈ ಕೊನೆಯ ಎರಡು ನಮ್ಮ ಮಣ್ಣಿನವು. ಅವನ್ನು ಬಿಟ್ಟುಕೊಡಬೇಡಿ.

ಒಂದು ಕಾದಂಬರಿಗೆ ಒಂದೇ ಮುಖ್ಯ ಜಾಡು. ಜೊತೆಗೆ ಬೇಕಿದ್ದರೆ ಒಂದು ಸಣ್ಣದು. ಐದಾರು ಬೆರೆಸಿದರೆ ಓದುಗರಿಗೆ ನೀವು ಏನು ಮಾತು ಕೊಟ್ಟಿರಿ ಅಂತಲೇ ತಿಳಿಯುವುದಿಲ್ಲ. ಯಾವುದನ್ನು ಆರಿಸುವುದು? ಓದುವಾಗ ಯಾವ ದೃಶ್ಯಕ್ಕೆ ನೀವು ಪುಸ್ತಕ ಮಡಚಿ ಸುಮ್ನೆ ಕೂರುತ್ತೀರೋ, ಅದು ಯಾವ ಜಾಡಿನದೋ ನೋಡಿ. ಅದು ನಿಮ್ಮದು.

ಒಂದು ಜಾಡನ್ನು ಮಾತ್ರ ನಾನು ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ ಅಂತ ಕೇಳಿಕೊಳ್ಳುತ್ತೇನೆ. ಹುಡುಗಿಗೆ ಇಷ್ಟವಿಲ್ಲದೆ ಬಲವಂತವಾಗಿ ತಾಳಿ ಕಟ್ಟುವುದು, ಆಮೇಲೆ ಅವಳು ನಿಧಾನಕ್ಕೆ ಅವನನ್ನು ಪ್ರೀತಿಸುವುದು. ನಮ್ಮ ಕಣ್ಣಿಗೆ ಅದು ಎಷ್ಟು ಅಭ್ಯಾಸವಾಗಿದೆ ಅಂದರೆ ಅದರೊಳಗಿನ ಹಿಂಸೆ ಕಾಣುವುದೇ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಲವಂತದಿಂದ ಒಪ್ಪಿಗೆ ಪಡೆದ ಮದುವೆಯನ್ನು ರದ್ದು ಮಾಡಿಸಬಹುದು. ಕಾನೂನಿಗೇ ತಪ್ಪು ಅಂತ ಗೊತ್ತಿರುವುದನ್ನು ಪ್ರೇಮ ಕಥೆ ಬರೆಯುವ ನಾವು ಹೂ ಮುಡಿಸಿ ಕೂರಿಸುವುದು ಬೇಡ. ಅವಳಿಗೆ ‘ಇಲ್ಲ’ ಅನ್ನಲು ದಾರಿ ಇರಬೇಕು. ಆಗಲೇ ಅವಳ ‘ಹೂಂ’ಗೆ ಬೆಲೆ.

ಮೂರನೇ ಹೆಜ್ಜೆ: ಜಾಡಿಗೆ ನಿಮ್ಮೂರಿನ ಕಾರಣ ಹುಡುಕಿ

ಹೆಚ್ಚು ಹೊತ್ತು ಕೂರಬೇಕಾದ ಹೆಜ್ಜೆ ಇದು. ಜಾಡು ಎಲ್ಲರದು, ಕಾರಣ ನಿಮ್ಮದು.

‘ಒಂದೇ ಸೂರಿನಡಿ’ ಜಾಡನ್ನೇ ತೆಗೆದುಕೊಳ್ಳೋಣ. ಇಂಗ್ಲಿಷ್ ಕಥೆಗಳಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ. ನಮ್ಮಲ್ಲಿ ಅದನ್ನೇ ಮಳೆಗಾಲದ ಕಾಫಿ ಎಸ್ಟೇಟಿಗೆ ತಂದು ಸಾವಿರ ಸಲ ಬರೆದಿದ್ದೇವೆ. ಎಸ್ಟೇಟಿನ ಯಜಮಾನ, ಜೀಪು, ಮಂಜು. ಇದನ್ನು ಬಿಟ್ಟು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನು ನೆನಪಿಸಿಕೊಳ್ಳಿ. ಇಬ್ಬರು ಮನುಷ್ಯರನ್ನು ಒಂದೇ ಕಡೆ ಕಟ್ಟಿಹಾಕುವ ಶಕ್ತಿ ಹವಾಮಾನಕ್ಕಿಂತ ಕೆಲಸಕ್ಕೆ ಜಾಸ್ತಿ.

ನನಗೆ ಗೊತ್ತಿರುವುದು ರೇಷ್ಮೆ. ಕನಕಪುರ, ರಾಮನಗರದ ಕಡೆ ಹುಳು ಸಾಕುವ ಮನೆಗಳಲ್ಲಿ ನಡೆಯುವುದನ್ನು ಸ್ವಲ್ಪ ಹೇಳುತ್ತೇನೆ, ಅದು ಕಥೆಯಾಗುವುದನ್ನು ನೋಡಿ.

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ಅಲ್ಲಾಡುವುದಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಸುಮಾರು ಒಂದು ವಾರ ಬಕಾಸುರನ ಹಸಿವು. ಅದು ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಬಹುಪಾಲು ಆ ಒಂದು ವಾರದಲ್ಲೇ ತಿನ್ನುವುದು. ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹಾಕುತ್ತಲೇ ಇರಬೇಕು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಕಡಿಯುವ ಸದ್ದು ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗಿರುತ್ತದೆ. ಆಮೇಲೆ ಹುಳು ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು. ತಡವಾದರೆ ನೂಲು ಕಂಡಕಂಡಲ್ಲಿ ಸುರಿದು ಹಾಳು. ಹುಳು ಮನೆಯೊಳಗೆ ಯಾರೂ ಸುಮ್ನೆ ಬರುವ ಹಾಗಿಲ್ಲ. ಕೈಕಾಲು ತೊಳೆದೇ ಬರಬೇಕು. ಅಗರಬತ್ತಿ ಇಲ್ಲ, ಬೀಡಿ ಇಲ್ಲ, ಸೆಂಟು ಇಲ್ಲ. ಕಿಟಕಿಗೆಲ್ಲ ಬಲೆ, ಹುಳುವನ್ನು ಕೊಲ್ಲುವ ಊಜಿ ನೊಣ ಒಳಗೆ ಬರಬಾರದು ಅಂತ.

ಈಗ ಶೈಲಾ ಅನ್ನುವ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ನಾಲ್ಕನೇ ಜ್ವರ ಎದ್ದ ದಿನವೇ ಅವಳ ಅಪ್ಪ ಬೈಕಿನಿಂದ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ಆಳು ಸಿಗುವುದಿಲ್ಲ, ಊರಿನಲ್ಲಿ ಎಲ್ಲರ ಮನೆಯಲ್ಲೂ ಹುಳು. ಪಕ್ಕದ ಹೊಲದ ಮಂಜುನಾಥನ ಹುಳು ಬೆಳೆ ಮಾತ್ರ ಹಿಂದಿನ ವಾರ ರೋಗ ಬಂದು ಹೋಗಿದೆ. ಅವನ ಕೈ ಖಾಲಿ, ಅವನ ತೋಟದಲ್ಲಿ ಸೊಪ್ಪು ಇದೆ. ಆದರೆ ಹತ್ತು ವರ್ಷದಿಂದ ಎರಡೂ ಮನೆಯ ನಡುವೆ ಬದುವಿನ ಕೇಸು ನಡೆಯುತ್ತಿದೆ. ಹುಳುವಿಗೆ ಕೇಸು ಗೊತ್ತಿಲ್ಲ. ಅದಕ್ಕೆ ಹಸಿವು.

ಒಂದು ವಾರ, ಒಂದು ಸೂರು, ರಾತ್ರಿ ಎರಡು ಗಂಟೆಯ ಸೊಪ್ಪು, ಮಳೆಯಂಥ ಸದ್ದು. ಜಗಳದಿಂದ ಪ್ರೀತಿಗೆ ಹೋಗುವ ಜಾಡು ತಾನಾಗಿ ಬಂತು. ಗಡಿಯಾರವೂ ಬಂತು, ಯಾಕೆಂದರೆ ಹುಳುವೆಲ್ಲ ಹಣ್ಣಾಗಿ ಚಂದ್ರಿಕೆ ಹತ್ತಿದ ದಿನದಿಂದ ಅವನು ಬರಲು ಕಾರಣವಿಲ್ಲ. ಆ ದಿನ ಹತ್ತಿರವಾದಷ್ಟೂ ಓದುಗರ ಎದೆ ಡವಗುಟ್ಟುತ್ತದೆ. ಸೆಂಟು ಹಾಕದ, ಬೆವರಿನ, ಸೊಪ್ಪಿನ ಹಸಿ ವಾಸನೆಯ ನಾಯಕನೂ ಪುಕ್ಕಟೆ ಸಿಕ್ಕ.

ನಿಮಗೆ ರೇಷ್ಮೆ ಗೊತ್ತಿರಬೇಕಾಗಿಲ್ಲ. ಗದಗಿನ ಮುದ್ರಣಾಲಯದಲ್ಲಿ ಚುನಾವಣೆ ಹೊತ್ತಿನ ರಾತ್ರಿ ಪಾಳಿ, ಇಳಕಲ್ಲಿನ ಮಗ್ಗ, ಮಲ್ಪೆಯ ಬಂದರು, ಬೆಂಗಳೂರಿನ ಆಸ್ಪತ್ರೆಯ ಡಯಾಲಿಸಿಸ್ ವಾರ್ಡು, ದುಬೈಯಲ್ಲಿ ನಾಲ್ಕು ಜನ ಹಂಚಿಕೊಂಡ ಫ್ಲ್ಯಾಟು. ಆ ಕೆಲಸದ ಹತ್ತು ಪದಗಳು, ಮೂರು ನಿಯಮಗಳು, ಒಂದು ಗಡುವು. ಇಷ್ಟನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಅರ್ಧ ಕಥೆ ಆ ಹಾಳೆಯಲ್ಲೇ ಇರುತ್ತದೆ.

ನಾಲ್ಕನೇ ಹೆಜ್ಜೆ: ಅಡ್ಡಿಯನ್ನು ಕಾಫಿಗೆ ಕೂರಿಸಿ ನೋಡಿ

ಇಬ್ಬರ ನಡುವಿನ ಅಡ್ಡಿ ಗಟ್ಟಿಯಾಗಿದೆಯಾ ಅಂತ ತಿಳಿಯಲು ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಇಬ್ಬರನ್ನೂ ಒಂದು ದರ್ಶಿನಿಯಲ್ಲಿ ಎದುರುಬದುರು ನಿಲ್ಲಿಸಿ, ಎರಡು ಲೋಟ ಕಾಫಿ ಕೊಡಿಸಿ. ಕಾಫಿ ಮುಗಿಯುವುದರೊಳಗೆ ನಿಜ ಮಾತಾಡಿದರೆ ಸಮಸ್ಯೆ ಬಗೆಹರಿಯುತ್ತದೆಯಾ? ಬಗೆಹರಿದರೆ ಆ ಅಡ್ಡಿ ಸಾಲದು. ‘ಅವನ ಜೊತೆ ನೋಡಿದ ಹುಡುಗಿ ಅವನ ತಂಗಿ’ ಅನ್ನುವ ತಪ್ಪು ತಿಳಿವಳಿಕೆ ಅರ್ಧ ಲೋಟದಲ್ಲೇ ಮುಗಿಯುತ್ತದೆ. ಅದರ ಮೇಲೆ 30 ಕಂತು ಎಳೆದರೆ ಓದುಗರಿಗೆ ನಿಮ್ಮ ನಾಯಕಿಯ ಮೇಲೆ ಸಿಟ್ಟು ಬರುತ್ತದೆ.

ಗಟ್ಟಿ ಅಡ್ಡಿಗೆ ಎರಡು ಪದರ ಇರುತ್ತದೆ. ಹೊರಗಿನದು ಒಂದು, ಒಳಗಿನದು ಒಂದು. ಶೈಲಾ, ಮಂಜುನಾಥರ ಹೊರಗಿನ ಅಡ್ಡಿ ಬದುವಿನ ಕೇಸು. ಒಳಗಿನದು? ಆ ಕೇಸಿನ ಖರ್ಚಿಗೆ ಮಂಜುನಾಥ ಓದು ಬಿಟ್ಟ. ಶೈಲಾ ಓದಿದಳು. ಈಗ ಅವಳಿಗೆ ಮೈಸೂರಿನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ಅವಳನ್ನು ನೋಡಿದಾಗಲೆಲ್ಲ ಅವನಿಗೆ ತಾನು ಕಳೆದುಕೊಂಡದ್ದು ಕಾಣುತ್ತದೆ. ಅವನನ್ನು ನೋಡಿದಾಗಲೆಲ್ಲ ಅವಳಿಗೆ ತಾನು ಬಿಟ್ಟುಹೋಗಲಿರುವ ಊರು ಕಾಣುತ್ತದೆ. ನಾಳೆ ಕೋರ್ಟಿನಲ್ಲಿ ರಾಜಿಯಾದರೂ ಇದು ಹೋಗುವುದಿಲ್ಲ. ಹತ್ತು ಲೋಟ ಕಾಫಿ ಕುಡಿದರೂ ಹೋಗುವುದಿಲ್ಲ.

ಜಾತಿಯ ಬಗ್ಗೆ ಬರೆಯುವುದಾದರೆ ಪ್ರಾಮಾಣಿಕವಾಗಿ ಬರೆಯಿರಿ. ಕೊನೆಯ ಕಂತಿನಲ್ಲಿ ‘ಅವಳು ನಿಜವಾಗಿ ನಮ್ಮವರ ಮಗಳೇ’ ಅಂತ ಹೊರಡಿಸುವುದು ಓದುಗರಿಗೆ ಮಾಡುವ ಮೋಸ. ಕಾನೂನಿನ ದಾರಿಯನ್ನೇ ಕಥೆಯ ಗಡಿಯಾರ ಮಾಡಿಕೊಳ್ಳಿ. ಜಾತಿ, ಧರ್ಮ ಬೇರೆಯಾದರೂ ದಾರಿ ಕೊಡುವ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನದಿಂದ ಇರುವ ಜಿಲ್ಲೆಯಲ್ಲಿ ನೋಟಿಸ್ ಕೊಡಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಚ್ಚುತ್ತಾರೆ. 30 ದಿನ ಕಾಯಬೇಕು. ಆಮೇಲೆ ಮೂವರು ಸಾಕ್ಷಿ. ಆ 30 ದಿನ ಯಾವ ನೆಂಟ ಬೇಕಾದರೂ ಕಚೇರಿಗೆ ಬಂದು ಆ ಹಾಳೆ ಓದಬಹುದು. ಬೇರೆ ಖಳನಾಯಕ ಬೇಕಾ? ಆ ಮೂವರು ಸಾಕ್ಷಿಗಳು ಯಾರು ಅನ್ನುವುದರಲ್ಲೇ ಎಷ್ಟೊಂದು ಕಥೆ ಇದೆ.

ಮತ್ತೆ ಸೇರುವ ಜಾಡಿಗೂ ಹೀಗೇ ಒಂದು ಗಡಿಯಾರ ಇದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಮೊದಲು ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಎರಡನೇ ಸಲ ಕೋರ್ಟಿನ ಮುಂದೆ ನಿಲ್ಲಲು ಆರು ತಿಂಗಳು ಕಾಯಬೇಕು. ತಕ್ಕ ಕಾರಣ ಇದ್ದರೆ ಈ ಆರು ತಿಂಗಳನ್ನು ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ನಿಮ್ಮ ಕಥೆಯಲ್ಲಿ ಬಿಡಬೇಡಿ. ಸಹಿ ಹಾಕಿ ಆಗಿದೆ, ಇನ್ನೂ ಬೇರೆ ಆಗಿಲ್ಲ. ಮತ್ತೆ ಪ್ರೀತಿ ಹುಟ್ಟಲು ಇದಕ್ಕಿಂತ ನೋವಿನ, ಇದಕ್ಕಿಂತ ಚೆಂದದ ಆರು ತಿಂಗಳು ಎಲ್ಲಿ ಸಿಗುತ್ತದೆ?

ಐದನೇ ಹೆಜ್ಜೆ: ‘ನೀವು’ ಯಾವಾಗ ‘ನೀನು’ ಆಗುತ್ತದೆ?

ನನಗೆ ಕನ್ನಡದಲ್ಲೇ ಪ್ರೇಮ ಕಥೆ ಬರೆಯಬೇಕು ಅನ್ನಿಸುವುದು ಇದಕ್ಕಾಗಿ. ಇಂಗ್ಲಿಷಿನವರಿಗೆ ಈಗ ಇರುವುದು ಒಂದೇ ಪದ. ನಮ್ಮಲ್ಲಿ ಪ್ರತಿ ಕ್ರಿಯಾಪದವೂ ಇಬ್ಬರ ನಡುವಿನ ದೂರವನ್ನು ಅಳೆಯುತ್ತದೆ. ಬಂದಿರಾ, ಬಂದೆಯಾ, ಬಂದ್ಯಾ, ಬಂದ್ಯೇನೋ. ಓದುಗರು ಇದನ್ನು ಕಿವಿಯಿಂದ ಎಣಿಸುತ್ತಿರುತ್ತಾರೆ. ನೀವು ಎಣಿಸದೆ ಬರೆದರೆ ಅವರಿಗೆ ತಕ್ಷಣ ತಿಳಿಯುತ್ತದೆ.

ಬರೆಯುವ ಮೊದಲೇ ತೀರ್ಮಾನ ಮಾಡಿ. ಇಬ್ಬರೂ ಯಾವುದರಿಂದ ಶುರು ಮಾಡುತ್ತಾರೆ? ಎಷ್ಟನೇ ಅಧ್ಯಾಯದಲ್ಲಿ ಬದಲಾಗುತ್ತದೆ? ಯಾರ ಬಾಯಿಂದ ಮೊದಲು? ಬದಲಾದದ್ದನ್ನು ಯಾರು ಗಮನಿಸುತ್ತಾರೆ?

ಶೈಲಾ, ಮಂಜುನಾಥ ಒಂದೇ ಶಾಲೆಗೆ ಹೋದವರು. ಚಿಕ್ಕವರಿದ್ದಾಗ ‘ಹೋಗೋ’, ‘ಬಾರೇ’. ಕೇಸು ಶುರುವಾದ ಮೇಲೆ ಮಾತೇ ನಿಂತಿತು. ಈಗ ಹತ್ತು ವರ್ಷದ ನಂತರ ಬಾಗಿಲಲ್ಲಿ ನಿಂತು ಅವನು “ಸೊಪ್ಪು ಎಲ್ಲಿ ಇಳಿಸ್ಲಿ? ನೀವೇ ಹೇಳಿ” ಅನ್ನುತ್ತಾನೆ. ಆ ‘ನೀವು’ ಮರ್ಯಾದೆಯದಲ್ಲ, ಗಾಯದ್ದು. ಅವಳಿಗೆ ಅದು ಚುಚ್ಚುತ್ತದೆ. ಹೀಗೆ ನಿಮ್ಮ ಕಥೆ ನೀವುವಿನಿಂದ ನೀನುವಿಗೆ ಹೋಗಬೇಕಾಗಿಲ್ಲ, ಕಳೆದುಹೋದ ನೀನುವಿಗೆ ವಾಪಸ್ ಬರಬಹುದು.

ನಡುವೆ ಒಂದು ಘಟ್ಟ ಇದೆ. ಅದನ್ನು ಬರೆಯಲು ನನಗೆ ತುಂಬ ಇಷ್ಟ. ‘ನೀವು’ ಅನ್ನಲು ಮನಸ್ಸಿಲ್ಲ, ‘ನೀನು’ ಅನ್ನಲು ಧೈರ್ಯ ಇಲ್ಲ. ಆಗ ನಮ್ಮ ಜನ ಏನು ಮಾಡುತ್ತಾರೆ? ಎರಡನ್ನೂ ತಪ್ಪಿಸಿ ಮಾತಾಡುತ್ತಾರೆ. “ಊಟ ಆಯ್ತಾ?” “ಕಾಫಿ ಬೇಕಾ?” “ಕೈಗೆ ಏನಾಯ್ತು?” ಈ ಮಾತುಗಳಲ್ಲಿ ನೀವೂ ಇಲ್ಲ, ನೀನೂ ಇಲ್ಲ. ಮೂರು ರಾತ್ರಿ ಇಬ್ಬರೂ ಹೀಗೇ ಮಾತಾಡಲಿ. ನಾಲ್ಕನೇ ರಾತ್ರಿ ಅವನು ಸೊಪ್ಪಿನ ಬುಟ್ಟಿ ಹೊತ್ತು ಸೀದಾ ಒಳಗೆ ಬರುತ್ತಾನೆ.

“ಕೈ ತೊಳ್ಕೊಂಡ್ಯಾ?”

ಅವಳಿಗೇ ಗೊತ್ತಿಲ್ಲದೆ ಬಂದ ಮಾತು. ಅವನು ಬುಟ್ಟಿ ಇಳಿಸಲಿಲ್ಲ. ಹಾಗೇ ನಿಂತ. ಹುಳುಗಳ ಮಳೆ ಸುರಿಯುತ್ತಲೇ ಇತ್ತು.

“ಇಲ್ಲ ಕಣೇ,” ಅಂದ. “ತೊಳ್ಕೊಂಡು ಬರ್ತೀನಿ.”

ಈ ಎರಡು ಸಾಲಿನಲ್ಲಿ ಮುತ್ತಿಲ್ಲ, ಹೂವಿಲ್ಲ. ಆದರೂ ಎಂಟು ಅಧ್ಯಾಯ ಕಾದ ಓದುಗರಿಗೆ ಇಲ್ಲಿ ಮೈ ಜುಂ ಅನ್ನುತ್ತದೆ.

ಇನ್ನೊಂದು ಎಚ್ಚರ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅನ್ನುವ ವಾಕ್ಯವನ್ನು ಜೋರಾಗಿ ಓದಿ ನೋಡಿ. ವ್ಯಾಕರಣ ಸರಿ ಇದೆ. ಆದರೆ ನಿಮ್ಮ ಬೀದಿಯಲ್ಲಿ ಯಾರಾದರೂ ಹಾಗೆ ಹೇಳಿದ್ದನ್ನು ಕೇಳಿದ್ದೀರಾ? ಪಾತ್ರದ ಬಾಯಿಗೆ ಒಗ್ಗುವ ಮಾತು ಹುಡುಕಿ. “ಮೈಸೂರಿಗೆ ಹೋಗ್ತೀಯಂತೆ. ಅಲ್ಲಿ ನಿಂಗೆ ರಾತ್ರಿ ಪಾಳಿ ಇದ್ರೆ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ನಾನು ಬರ್ತೀನಿ.” ಇಷ್ಟು ಹೇಳಿದವನು ಎಲ್ಲವನ್ನೂ ಹೇಳಿದ ಹಾಗೇ. ನಿಮ್ಮ ಸೀಮೆಯ ಮಾತನ್ನೇ ಬಳಸಿ. ಧಾರವಾಡದ ಹುಡುಗಿ ಧಾರವಾಡದ ಹಾಗೆ ಸಿಟ್ಟಾಗಲಿ, ಕುಂದಾಪುರದವನು ಕುಂದಾಪುರದ ಹಾಗೆ ಬೇಡಿಕೊಳ್ಳಲಿ.

ಆರನೇ ಹೆಜ್ಜೆ: ಸ್ಪರ್ಶವನ್ನು ಮೆಟ್ಟಿಲು ಮಾಡಿ

ಸ್ಪರ್ಶ ಎಷ್ಟು ಬರೆಯಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಬಾಗಿಲು ಮುಚ್ಚುವವರೂ ಇದ್ದಾರೆ, ತೆರೆದಿಡುವವರೂ ಇದ್ದಾರೆ, ಎರಡೂ ಸರಿ. ಆದರೆ ಮೆಟ್ಟಿಲು ಬೇಕು. ಮೊದಲು ಒಬ್ಬರನ್ನೊಬ್ಬರು ಗಮನಿಸುವುದು, ಆಮೇಲೆ ಒಂದೇ ವಸ್ತುವನ್ನು ಇಬ್ಬರೂ ಹಿಡಿಯುವುದು, ಆಮೇಲೆ ಕೆಲಸದ ನೆಪದ ಸ್ಪರ್ಶ, ಕೊನೆಗೆ ನೆಪವಿಲ್ಲದ ಸ್ಪರ್ಶ. ಮೂರನೆಯದರಿಂದ ನಾಲ್ಕನೆಯದಕ್ಕೆ ಹೋಗುವಲ್ಲಿ ಒಂದು ಪ್ರಶ್ನೆ ಇರಲಿ. ಮಾತಿನಲ್ಲೇ ಕೇಳಬೇಕಾಗಿಲ್ಲ. ಚಾಚಿದ ಕೈ ಅರ್ಧದಲ್ಲಿ ನಿಂತು ಕಾದರೂ ಅದು ಪ್ರಶ್ನೆಯೇ.

ಏಳನೇ ಹೆಜ್ಜೆ: ಮುರಿಯಿರಿ, ಆಮೇಲೆ ಬೆಲೆ ಕೊಡಿಸಿ

ಕಥೆಯ ಮುಕ್ಕಾಲು ಭಾಗದ ಹೊತ್ತಿಗೆ ಎಲ್ಲವೂ ಮುರಿಯಬೇಕು. ಮುರಿಯುವುದು ಒಳಗಿನ ಅಡ್ಡಿಯಿಂದ. ಹೊರಗಿನಿಂದ ಲಾರಿ ಬಂದು ಗುದ್ದಿದರೆ ಅದು ಅಪಘಾತ, ಕಥೆ ಮುರಿದದ್ದಲ್ಲ. ಗೂಡು ಮಾರಿದ ದಿನ ಶೈಲಾಳ ಕೆಲಸದ ಪತ್ರ ಮಂಜುನಾಥನ ಕಣ್ಣಿಗೆ ಬೀಳುತ್ತದೆ. ಅವಳು ಹೇಳದೇ ಇದ್ದದ್ದಕ್ಕೆ ಅವನು ಹೇಳಬಾರದ ಒಂದು ಮಾತು ಹೇಳುತ್ತಾನೆ. ಆ ಮಾತು ಹತ್ತು ವರ್ಷದಿಂದ ಅವನೊಳಗೆ ಇದ್ದದ್ದೇ.

ವಾಪಸ್ ಸೇರಿಸುವಾಗ ಒಂದು ನಿಯಮ ಇಟ್ಟುಕೊಳ್ಳಿ. ನೋಯಿಸಿದವರು ಬರೀ ಕ್ಷಮೆ ಕೇಳಿದರೆ ಸಾಲದು, ಏನನ್ನಾದರೂ ಬಿಟ್ಟುಕೊಡಬೇಕು. ಅದು ಅವರಿಗೆ ನಿಜವಾಗಿ ಬೇಕಾಗಿದ್ದದ್ದೇ ಆಗಿರಬೇಕು. ಮಂಜುನಾಥ ಬದುವಿನ ಹಟ ಬಿಟ್ಟು, ಅಪ್ಪನ ಎದುರು ನಿಂತು ಕೇಸು ವಾಪಸ್ ತೆಗೆಸುತ್ತಾನೆ, ಅದೂ ಶೈಲಾ ಮೈಸೂರಿಗೆ ಹೋದ ಮೇಲೆ, ಅವಳು ನೋಡುತ್ತಿಲ್ಲದಾಗ. ಅವಳಿಗೆ ಸುದ್ದಿ ತಲುಪುವುದು ಬೇರೆಯವರಿಂದ. ನಾಯಕಿ ತನ್ನ ಕೆಲಸ ಬಿಟ್ಟು ಊರಿಗೆ ಬರುವ ಹಳೆಯ ಕೊನೆ ಮಾತ್ರ ಬೇಡ. ನಾವು ಅದನ್ನು ತುಂಬ ವರ್ಷ ಓದಿ ಆಯಿತು. ಕನಕಪುರದಿಂದ ಮೈಸೂರಿಗೆ ಬಸ್ಸು ಇದೆ. ಇಬ್ಬರೂ ಓಡಾಡಲಿ.

ಕೊನೆ ಸುಖವಾಗಿಯೇ ಇರಲಿ. ಪ್ರೇಮ ಕಾದಂಬರಿ ಅಂತ ಹೇಳಿ ಕೊನೆಯ ಪುಟದಲ್ಲಿ ಒಬ್ಬರನ್ನು ಸಾಯಿಸುವುದನ್ನು ನಾನು ಒಪ್ಪುವುದಿಲ್ಲ. ಅದು ಒಳ್ಳೆಯ ಕಾದಂಬರಿ ಆಗಿರಬಹುದು. ಆದರೆ ನೀವು ಓದುಗರಿಗೆ ಕೊಟ್ಟ ಮಾತು ಅದಾಗಿರಲಿಲ್ಲ.

ಎಂಟನೇ ಹೆಜ್ಜೆ: ಕಂತುಗಳಲ್ಲಿ ಬರೆಯುವುದಾದರೆ

ವಾರಪತ್ರಿಕೆಯ ಧಾರಾವಾಹಿಯಿಂದ ಬೆಳೆದವರು ನಾವು. ಈಗಾದರೆ, 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ಆನ್‌ಲೈನ್ ಕಥೆಗಳ ತಾಣದಲ್ಲಿ ಕಂತು ಕಂತಾಗಿ ಬರೆಯಬಹುದು. ಕನಿಷ್ಠ ಹತ್ತು ಕಂತು ಬರೆದಿಟ್ಟುಕೊಂಡೇ ಮೊದಲನೆಯದನ್ನು ಪ್ರಕಟಿಸಿ. ಮನೆಯಲ್ಲಿ ಮದುವೆ, ಜ್ವರ, ಪರೀಕ್ಷೆ ಎಲ್ಲ ಬರುತ್ತವೆ. ಓದುಗರು ವಾರ ತಪ್ಪಿದರೆ ಕಾಯುತ್ತಾರೆ, ಮೂರು ವಾರ ತಪ್ಪಿದರೆ ಹೋಗುತ್ತಾರೆ. ಒಂದು ಕಂತು 1200ರಿಂದ 1500 ಪದ ಇದ್ದರೆ ಓದಲು ಹಿತ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಯಾರ ವಯಸ್ಸು ಎಷ್ಟು, ಯಾರ ಕಣ್ಣಿನ ಕೆಳಗೆ ಮಚ್ಚೆ, ಯಾವ ಕಂತಿನಲ್ಲಿ ಯಾರು ಯಾರಿಗೆ ನೀನು ಅಂದರು. ಪ್ರತಿ ಕಂತಿನ ಕೊನೆಯಲ್ಲೂ ಬಾಂಬ್ ಸಿಡಿಯಬೇಕಾಗಿಲ್ಲ. ಉತ್ತರ ಬಾರದ ಒಂದು ಪ್ರಶ್ನೆ ಸಾಕು.

ಮುಗಿದ ಮೇಲೆ ಒಂದು ವಾರ ಮುಟ್ಟಬೇಡಿ. ಆಮೇಲೆ ಜೋರಾಗಿ ಓದಿ. ಮಾತು ತೊಡರಿದ ಕಡೆಯೆಲ್ಲ ಗುರುತು ಹಾಕಿ. ಹಾಗೆ ಓದಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅಡುಗೆ ಮಾಡುವಾಗ ಕೇಳಿ. ನಿಮಗೇ ಬೇಸರ ಬಂದ ಕಡೆ ಓದುಗರು ಮೊದಲೇ ಎದ್ದು ಹೋಗಿರುತ್ತಾರೆ.

ಕೊನೆಯದಾಗಿ ಕಾಗದಪತ್ರದ ವಿಷಯ. ನನ್ನ ಮೊದಲ ಧಾರಾವಾಹಿಯನ್ನು ಪುಸ್ತಕ ಮಾಡುತ್ತೇವೆ ಅಂತ ಒಬ್ಬರು ಬಂದಾಗ ಖುಷಿಯಲ್ಲಿ ಒಂದು ಹಾಳೆಗೆ ಸಹಿ ಹಾಕಿದ್ದೆ. ಅದರಲ್ಲಿ ಆಡಿಯೋ ಹಕ್ಕೂ ಸೇರಿತ್ತು, ನಾನು ಓದಿರಲಿಲ್ಲ. ಕಥೆಯ ಹಕ್ಕು ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಅಷ್ಟು ದೊಡ್ಡ ಆಸ್ತಿ ಅದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಬಿಟ್ಟುಕೊಡುವ ಒಪ್ಪಂದ ಬರಹದಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಹಾಗಾಗಿ ಹಾಳೆಯನ್ನು ಮನೆಗೆ ತಂದು ಓದಿ. ಪುಸ್ತಕ, ಆಡಿಯೋ, ಸೀರಿಯಲ್, ಅನುವಾದ ಈ ನಾಲ್ಕೂ ಬೇರೆ ಬೇರೆ ಸಾಲಿನಲ್ಲಿವೆಯಾ ನೋಡಿ. ನೀವು ಕೊಡಲು ಒಪ್ಪದ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಇಬ್ಬರೂ ಸಹಿ ಮಾಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.